ಮೂರನೆಯ ಹಲೋ

ಮೊನ್ನೆ ಮಧ್ಯಾಹ್ನ ಊಟ ಮುಗಿಸಿ ಹಾಸಿಗೆಗೆ ಬೆನ್ನು ಹಚ್ಚಬೇಕು ಅನ್ನುವಷ್ಟರಲ್ಲಿ ದಿಂಬಿನ ಪಕ್ಕದಲ್ಲಿದ್ದ ಫೋನು ಗುಂಯ್‌ಗುಟ್ಟಿತು. ಎತ್ತಿ ಕಿವಿಗೆ ಹಿಡಿದೆ. ಆ ಕಡೆಯಿಂದ ಯಾರೋ "ಹಲೋ" ಅಂದರು. ನಾನು ಸುಮ್ಮನಿದ್ದೆ. ಮತ್ತೊಮ್ಮೆ "ಹಲೋ" ಅಂದರು. ಆಗಲೂ ಸುಮ್ಮನಿದ್ದೆ. ಮೂರನೆಯದಕ್ಕೆ ಕಾಯುತ್ತಿರುವಾಗಲೇ ಕಟ್ ಆಯಿತು. ಕಿಟಕಿಯ ಬಿಸಿಲಿಗೆ ಕಾದಿದ್ದ ಫೋನಿನ ಗಾಜು ಕೆನ್ನೆಗೆ ಬೆಚ್ಚಗೆ ತಾಗಿತು, ಯಾರೋ ಈಗಷ್ಟೇ ಹಿಡಿದು ಬಿಟ್ಟ ಕೈಯ ಹಾಗೆ.

ನೆಲದ ಮೇಲೆ ಪುಸ್ತಕ ಹರವಿಕೊಂಡು ಕೂತಿದ್ದ ಮೊಮ್ಮಗಳು ತಲೆ ಎತ್ತಿ ನೋಡಿದಳು. "ಅಜ್ಜಿ, ಫೋನ್ ಎತ್ತಿ ಮಾತಾಡಲಾರದ ಯಾಕ ಕುಂದರ್ತಿ? ಆ ಕಡಿಯವ್ರು ಹೆದರ್ತಾರ."

ಅವಳು ಹೇಳುವುದೂ ಸುಳ್ಳಲ್ಲ. ನನ್ನ ಈ ಚಾಳಿಯಿಂದ ಎಷ್ಟೋ ಎಡವಟ್ಟುಗಳಾಗಿವೆ. ಗ್ಯಾಸ್ ಸಿಲಿಂಡರಿನವನು ಮನೆಯಲ್ಲಿ ಯಾರೂ ಇಲ್ಲವೆಂದು ತಿಳಿದು ಬಾಗಿಲಿನಿಂದಲೇ ವಾಪಸು ಹೋಗಿದ್ದಾನೆ. ಮಗಳ ಅತ್ತೆ ಒಮ್ಮೆ ಹಬ್ಬಕ್ಕೆ ಕರೆಯಲು ಫೋನು ಮಾಡಿ, ನಾನು ಬೇಕೆಂದೇ ಮಾತು ಬಿಟ್ಟಿದ್ದೇನೆ ಎಂದುಕೊಂಡು ಬಹಳ ದಿನ ಮುಖ ಊದಿಸಿಕೊಂಡಿದ್ದರು. ಆಮೇಲೆ ಮಗಳು ನಡುವೆ ಬಂದು, "ನಮ್ಮವ್ವಗ ಮೂರು ಸಲ ಹಲೋ ಅನ್ನಬೇಕ್ರಿ, ಅಕಿದು ಅದೊಂದು ಮಡಿ" ಎಂದು ಸಮಾಧಾನ ಮಾಡಿದಳು. ಮಡಿ ಅಲ್ಲ. ಆದರೆ ಬೀಗಿತ್ತಿಯ ಮುಂದೆ ಅದನ್ನೆಲ್ಲ ಬಿಡಿಸಿ ಹೇಳಲಾದೀತೇ?

ಈ ಹಲೋ ಅನ್ನುವ ಶಬ್ದ ಎಷ್ಟು ಕೆಲಸ ಮಾಡುತ್ತದೆ ನೀವೇ ನೋಡಿ. ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನಿಂದ ತರಕಾರಿ ತರುವ ಹೆಂಗಸು ಗೇಟಿನ ಹತ್ತಿರ ನಿಂತು "ಹಲೋ ದೀದಿ" ಅಂದರೆ ಬದನೆಕಾಯಿ ಬಂದಿದೆ ಎಂದು ಅರ್ಥ. ಬಸ್ಸಿನ ಕಂಡಕ್ಟರು ಅದನ್ನೇ ಗದರುವುದಕ್ಕೆ ಬಳಸುತ್ತಾನೆ, "ಹಲೋ, ಬಾಗಿಲದಾಗ ನಿಂತವ್ರು." ಮದುವೆ ಮನೆಯಲ್ಲಿ ಮೈಕಿನವನು ಯಾರಿಗೂ ಅಲ್ಲದೆ ಗಾಳಿಗೇ ಹಲೋ ಹಲೋ ಅನ್ನುತ್ತಾನೆ. ನನ್ನ ಮೊಮ್ಮಗಳು ಅದನ್ನು ರಾಗವಾಗಿ ಎಳೆದಳೆಂದರೆ "ನಿನಗೆ ಬುದ್ಧಿ ನೆಟ್ಟಗಿದೆಯಾ" ಎಂದು ಕೇಳಿದ ಹಾಗೆ. ಕರೆಂಟು ಹೋದಾಗ ಅಳಿಯ ಕತ್ತಲಲ್ಲಿ ಗೋಡೆ ತಡವುತ್ತ ಮೆಲ್ಲಗೆ ಹಲೋ ಅನ್ನುತ್ತಾನಲ್ಲ, ಅದು ಇನ್ನೊಂದೇ. ಅಲ್ಲಿ ಯಾರಾದರೂ ಇದ್ದೀರಾ ಎಂದು ಕೇಳುವುದು ಅದು. ಇಷ್ಟಾದರೂ ಇದರ ಅರ್ಥವೇನು ಎಂದು ಮೊಮ್ಮಗಳನ್ನು ಕೇಳಿದರೆ, "ಅರ್ಥ ಏನೂ ಇಲ್ಲಜ್ಜಿ, ಸುಮ್ನ ಅನ್ನೂದು" ಅಂದಳು. ನಮ್ಮ ಮನೆಯಲ್ಲಿ ಒಂದು ಬೇಸಿಗೆಯ ಮಟ್ಟಿಗೆ ಅದಕ್ಕೆ ಒಂದೇ ಒಂದು ಅರ್ಥವಿತ್ತು. ಅದನ್ನು ಹೇಳಬೇಕೆಂದೇ ಇಷ್ಟು ಸುತ್ತು ಹಾಕಿ ಬಂದೆ.

ಅದು ನಿಜಾಮನ ಕಾಲ. ನಾನು ಮಸ್ಕಿಯಲ್ಲಿ ನಮ್ಮ ಆಯಿಯ ಹತ್ತಿರ, ಅಂದರೆ ನಮ್ಮವ್ವನ ಅವ್ವನ ಹತ್ತಿರ ಬೆಳೆದವಳು. ಗುಡ್ಡದ ಬುಡಕ್ಕೆ ನಮ್ಮ ಮನೆ, ಅದರಾಚೆ ಒಂದು ಹುಣಸೆಮರ, ಹುಣಸೆಮರದ ಆಚೆ ಮುಸಾಫಿರ್ ಬಂಗ್ಲಾ. ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ಸಾಹೇಬರುಗಳು ಅಲ್ಲಿ ಇಳಿದು ದಣಿವಾರಿಸಿಕೊಳ್ಳುತ್ತಿದ್ದರು. ಅವರ ಅನುಕೂಲಕ್ಕೆಂದು ಸರ್ಕಾರದವರು ದಾರಿಯುದ್ದಕ್ಕೂ ಕಂಬ ನೆಟ್ಟು, ಬಂಗ್ಲೆಯ ಪಡಸಾಲೆಯ ಗೋಡೆಗೆ ಒಂದು ಕಟ್ಟಿಗೆಯ ಪೆಟ್ಟಿಗೆ ಕೂರಿಸಿದ್ದರು. ಒಂದೇ ತಂತಿ, ಮೂರು ಊರು. ಲಿಂಗಸುಗೂರಿನಲ್ಲಿ ಹಿಡಿ ತಿರುವಿದರೆ ಮಸ್ಕಿಯಲ್ಲೂ ಗಂಟೆ ಬಡಿಯುತ್ತಿತ್ತು, ಸಿಂಧನೂರಿನಲ್ಲೂ ಬಡಿಯುತ್ತಿತ್ತು.

ಬಂಗ್ಲೆಯ ಚೌಕಿದಾರ ಖಾದರಸಾಬರು ಆ ಪೆಟ್ಟಿಗೆಗೇ ಹಲೋ ಎಂದು ಹೆಸರಿಟ್ಟಿದ್ದರು. ಅವರಿಂದ ಊರೆಲ್ಲ ಹಾಗೇ ಅನ್ನತೊಡಗಿತು. ಗಂಟೆ ಬಡಿದರೆ "ಹಲೋ ಬಂತು", ಅವರು ಮಾತಾಡುತ್ತಿದ್ದರೆ "ಹಲೋದಾಗ ಅದಾರ". ಗಾಳಿಗೆ ಎಲ್ಲೋ ತಂತಿ ಹರಿದು ಪೆಟ್ಟಿಗೆ ಸುಮ್ಮನಾದರೆ ಖಾದರಸಾಬರು ಜಗಲಿಗೆ ಬಂದು, "ಹಲೋ ಸತ್ತೈತ್ರಿ" ಎಂದು ಸಾರುತ್ತಿದ್ದರು. ತಂತಿ ಕೂಡಿದ ಮೇಲೆ "ಜೀವ ಬಂತು" ಅನ್ನುತ್ತಿದ್ದರು. ಅವರು ತಮಾಷೆಗೆ ಹೇಳುತ್ತಿದ್ದರೋ ನಂಬಿ ಹೇಳುತ್ತಿದ್ದರೋ ಮುಖ ನೋಡಿದರೆ ಗೊತ್ತಾಗುತ್ತಿರಲಿಲ್ಲ.

ಮಸ್ಕಿಯ ಗುಡ್ಡವನ್ನು ನೀವು ನೋಡಿದ್ದೀರೋ ಇಲ್ಲವೋ. ಒಂದರ ಮೇಲೊಂದು ಒಟ್ಟಿದ ಬಂಡೆಗಳು, ಹುಲ್ಲು ಕಡಿಮೆ, ನೆರಳು ಇನ್ನೂ ಕಡಿಮೆ. ಅದರ ಒಂದು ಮೂಲೆಯಲ್ಲಿ ನಿಂತು ಕೂಗಿದರೆ ಕೂಗು ತಿರುಗಿ ಬರುತ್ತದೆ. ಬೇರೆ ಊರಿನ ಮಕ್ಕಳಾಗಿದ್ದರೆ ತಮ್ಮ ತಮ್ಮ ಹೆಸರು ಕೂಗಿ ಕುಣಿಯುತ್ತಿದ್ದರು. ನಮಗೆ ಆ ಭಾಗ್ಯವಿರಲಿಲ್ಲ. "ಗುಡ್ಡಕ್ಕ ಹೆಸರು ಕಲಿಸಬ್ಯಾಡ್ರಿ" ಎಂದು ಆಯಿ ಕಟ್ಟಪ್ಪಣೆ ಮಾಡಿದ್ದಳು. ಕಲಿತ ಮೇಲೆ ಅದು ತಾನಾಗಿಯೇ ಕರೆಯುತ್ತದಂತೆ, ನಡುಮಧ್ಯಾಹ್ನ, ಊರು ಮಲಗಿದಾಗ. ಅದಕ್ಕೇ ಹೊರಗಿನಿಂದ ಯಾರೇ ಕರೆದರೂ ಒಂದಕ್ಕೆ, ಎರಡಕ್ಕೆ ಓ ಅನ್ನುವಂತಿಲ್ಲ. ಮನುಷ್ಯರಾದರೆ ಮೂರನೆಯ ಸಲವೂ ಕರೆಯುತ್ತಾರೆ. ಮನುಷ್ಯರಲ್ಲದವರಿಗೆ ಎರಡಕ್ಕಿಂತ ಹೆಚ್ಚು ಕರೆಯಲು ಬರುವುದಿಲ್ಲ. ಇದು ನಮ್ಮ ಓಣಿಯ ಎಲ್ಲ ಮನೆಗಳಲ್ಲೂ ನಡೆದು ಬಂದ ಮಾತು. ಎದುರು ಮನೆಯ ಮುದುಕ ಸ್ವಂತ ಮಗ ಬಂದರೂ ಅವನು ಮೂರು ಸಲ ಕರೆಯುವವರೆಗೆ ಬಾಗಿಲು ತೆಗೆಯುತ್ತಿರಲಿಲ್ಲ.

ನಾವು ಮಕ್ಕಳು ಒಂದು ಉಪಾಯ ಹುಡುಕಿಕೊಂಡೆವು. ಖಾದರಸಾಬರಿಂದ ಕಲಿತ ಹಲೋ ಯಾರ ಹೆಸರೂ ಅಲ್ಲವಲ್ಲ? ಗುಡ್ಡಕ್ಕೆ ಹೋಗಿ ಅದನ್ನೇ ಕೂಗಿದೆವು. ಗುಡ್ಡವೂ ಹಲೋ ಅಂದಿತು. ಇದರಲ್ಲಿ ಯಾವ ಹೆಸರೂ ಇಲ್ಲ, ಯಾರಿಗೂ ಅಪಾಯವಿಲ್ಲ ಎಂದು ಗಂಟಲು ಹರಿಯುವವರೆಗೆ ಕೂಗಿದೆವು. ಆಯಿಗೆ ತಿಳಿದಾಗ ಅವಳು ಬೈಯಲಿಲ್ಲ. ಕೈಯಲ್ಲಿದ್ದ ಮೊರ ಕೆಳಗಿಟ್ಟು ಸ್ವಲ್ಪ ಹೊತ್ತು ಗುಡ್ಡದ ಕಡೆ ನೋಡಿ, "ಇನ್ನ ಅದು ಎಲ್ಲಾರನೂ ಕರಿತೈತಿ" ಅಂದಳು. ಆಗ ನಗು ಬಂದಿತ್ತು.

ನಮ್ಮವ್ವನ ತಂಗಿ ನೀಲಮ್ಮ, ನನ್ನ ಚಿಗವ್ವ. ಅವಳ ಗಂಡ ಅಮರಪ್ಪ ಕಾಕಾ ಲಿಂಗಸುಗೂರಿನಲ್ಲಿ ತಂತಿಯ ಕಚೇರಿಯಲ್ಲಿದ್ದರು. ತೆಳ್ಳಗಿನ, ನಗುಮುಖದ ಮನುಷ್ಯ. ದಿನವೂ ಮಧ್ಯಾಹ್ನ, ಸಾಹೇಬರು ಮಲಗಿದ ಹೊತ್ತಿನಲ್ಲಿ, ತಂತಿ ಸರಿಯಿದೆಯೇ ಎಂದು ಪರೀಕ್ಷಿಸುವುದು ಅವರ ಕೆಲಸಗಳಲ್ಲೊಂದು. ಮೊದಲು ಮಸ್ಕಿಗೆ ಹಲೋ, ಆಮೇಲೆ ಸಿಂಧನೂರಿಗೆ ಹಲೋ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ, ಲಿಂಗಸುಗೂರಿಗೆ ಕಾಲರಾ ಬಂತು. ಕಾಕಾ ಚಿಗವ್ವನನ್ನು ಬಸ್ಸಿನಲ್ಲಿ ಕರೆತಂದು ತವರಿಗೆ ಬಿಟ್ಟರು. ತಾವು ಉಳಿಯುವಂತಿರಲಿಲ್ಲ. ಕಚೇರಿ ಬಿಟ್ಟು ಕದಲಬಾರದೆಂದು ಹುಕುಂ ಆಗಿತ್ತು.

ಹೊರಡುವಾಗ ಜಗಲಿಯ ಮೇಲೆ ಕೂತು ಚಪ್ಪಲಿ ಮೆಟ್ಟುತ್ತ ಅವರು ಹೇಳಿದ ಮಾತು ನನಗೆ ಇವತ್ತಿಗೂ ಕಿವಿಯಲ್ಲಿದೆ. "ದಿನಾ ಮಧ್ಯಾಹ್ನ ಬಂಗ್ಲಾಕ್ಕ ಬಾ. ನನ್ನ ಹಲೋ ಬಂತಂದ್ರ ನಾ ಇದ್ದೀನಿ ಅಂತ ತಿಳ್ಕೋ. ನೀ ಓ ಅಂದ್ರ ನೀ ಇದ್ದಿ ಅಂತ ನಾ ತಿಳ್ಕೋತೀನಿ. ಇಷ್ಟ ಸಾಕು."

ನಡುಮಧ್ಯಾಹ್ನ, ಹುಣಸೆಮರದ ಕೆಳಗೆ ಹಾದು, ಕಾಣದ ದನಿಗೆ ಓ ಅನ್ನಲು ಹೋಗುವುದು! ಆಯಿಗೆ ಇದಕ್ಕಿಂತ ಕೆಟ್ಟದ್ದು ಬೇರೆ ಇರಲಿಲ್ಲ. ಆದರೆ ಮಗಳ ಮುಖ ನೋಡಿ ಬೇಡ ಅನ್ನಲೂ ಆಗಲಿಲ್ಲ. ಕೊನೆಗೆ ಅಳಿಯನಿಗೇ ಕೇಳಿಸುವಂತೆ ಮಗಳಿಂದ ಆಣೆ ಮಾಡಿಸಿಕೊಂಡಳು. "ಹಲೋ ಆಗಲಿ ಏನರ ಆಗಲಿ, ಮೂರನೇದಕ್ಕ ಓ ಅನ್ನು. ಅದಕ್ಕೂ ಮೊದಲು ತುಟಿ ಬಿಚ್ಚಬ್ಯಾಡ." ಕಾಕಾ ನಕ್ಕರು. "ಆತು ಬಿಡ್ರಿ ಅತ್ತಿ, ಮೂರು ಸಲ ಅಂತೀನಿ. ನಂದೇನು ಗಂಟು ಹೋಗ್ತೈತಿ" ಅಂದರು.

ಒಂಟಿ ಹೆಂಗಸು ಆ ಹೊತ್ತಿನಲ್ಲಿ ಹೋಗಬಾರದೆಂದು ಚಿಗವ್ವನ ಜೊತೆ ನನ್ನನ್ನೂ ಕಳಿಸುತ್ತಿದ್ದರು. ನನಗೆ ಅದೊಂದು ಜಂಬ. ಮಸ್ಕಿಯ ಬೇಸಿಗೆಯ ಮಧ್ಯಾಹ್ನ ಅಂದರೆ ಎಲ್ಲ ಬೆಳ್ಳಗಾಗಿರುತ್ತದೆ, ಮಣ್ಣು, ಗೋಡೆ, ಆಕಾಶ. ನಾಯಿಯೂ ಬೊಗಳುವುದಿಲ್ಲ. ನಮ್ಮ ಹೆಜ್ಜೆಯ ಸದ್ದು ನಮ್ಮ ಹಿಂದೆ ಸ್ವಲ್ಪ ತಡವಾಗಿ ಬಂದಂತಾಗಿ ನಾನು ತಿರುಗಿ ನೋಡುತ್ತಿದ್ದೆ. ಬಂಗ್ಲೆಯ ಪಡಸಾಲೆಯಲ್ಲಿ ಒದ್ದೆ ಮಾಡಿದ ಲಾವಂಚದ ತಟ್ಟಿಯ ವಾಸನೆ. ಗಂಟೆ ಬಡಿದಾಗ ಖಾದರಸಾಬರು ಮೊದಲು ತಾವು ಕೇಳಿ, "ಯಾರದು ಹಲೋ ಬೇಟಿ?" ಎಂದು ಬೇಕೆಂದೇ ಚಿಗವ್ವನನ್ನು ಕೇಳುತ್ತಿದ್ದರು. ಗಂಡನ ಹೆಸರು ಬಾಯಲ್ಲಿ ತರುವ ಹಾಗಿಲ್ಲವಲ್ಲ. ಅವಳು ಕೆಂಪಾಗಿ, "ನಮ್ಮ ಮನಿಯವ್ರದು" ಎಂದು ನೆಲ ನೋಡುತ್ತಿದ್ದಳು. ಅವರು ನಗುತ್ತ ಕೇಳುವ ಹಿಡಿಯನ್ನು ಅವಳ ಕೈಗಿತ್ತು, ಅಂಗಳಕ್ಕೆ ಹೋಗಿ ಹೂಜಿಗೆ ನೀರು ತುಂಬುತ್ತಿದ್ದರು.

ಚಿಗವ್ವ ಅದನ್ನು ನನಗೂ ಕೇಳುವಂತೆ ಬಗ್ಗಿಸಿ ಹಿಡಿಯುತ್ತಿದ್ದಳು. ಮೊದಲು ತಂತಿಯ ಗುಂಯ್ ಅನ್ನುವ ಸದ್ದು, ಅದರೊಳಗಿಂದ ಕಾಕಾನ ದನಿ. ಹಲೋ. ಇವಳು ಉಸಿರು ಹಿಡಿಯುತ್ತಿದ್ದಳು. ಹಲೋ. ತುಟಿ ಕಚ್ಚುತ್ತಿದ್ದಳು. ಮೂರನೆಯದನ್ನು ಕಾಕಾ ಬೇಕೆಂದೇ ತಡಮಾಡುತ್ತಿದ್ದರು. ಒಂದೊಂದು ದಿನ ಅದೆಷ್ಟು ತಡವೆಂದರೆ ಚಿಗವ್ವನ ಕಣ್ಣಲ್ಲಿ ನೀರು ಬರುತ್ತಿತ್ತು. ಆಮೇಲೆ, ಅವರ ನಗುವಿನ ಜೊತೆಗೇ, ಹಲೋ. "ಓ" ಅನ್ನುತ್ತಿದ್ದಳು. ಅಷ್ಟೇ ಅವರ ಸಂಸಾರದ ಮಾತು. ವಾಪಸು ಬರುವಾಗ ಆ ಬಿಸಿಲಲ್ಲೂ ಅವಳು ಹಾಡು ಗುನುಗುತ್ತಿದ್ದಳು.

ಆ ದಿನವೂ ಹೋದೆವು. ಗಂಟೆ ಬಡಿಯಿತು, ಆದರೆ ಅರ್ಧ ಬಡಿದು ನಿಂತ ಹಾಗೆ. ಖಾದರಸಾಬರು ಅಂಗಳದಲ್ಲಿದ್ದರು, ಚಿಗವ್ವ ತಾನೇ ಕೇಳುವ ಹಿಡಿ ಎತ್ತಿಕೊಂಡಳು. ನಾನು ಕಿವಿ ತಾಗಿಸಿದೆ. ತಂತಿಯ ಗುಂಯ್ ಸದ್ದು ಇರಲಿಲ್ಲ. ಏನೂ ಇರಲಿಲ್ಲ. ಬಾವಿಯೊಳಗೆ ತಲೆ ಹಾಕಿದಾಗ ಕೇಳುತ್ತದಲ್ಲ, ಅಂಥ ಖಾಲಿ. ಅದರೊಳಗಿಂದ, ಬಹಳ ದೂರದಿಂದ, ಹಲೋ. ಸ್ವಲ್ಪ ಬಿಟ್ಟು ಇನ್ನೊಂದು, ಹಲೋ. ಕಾಕಾನ ದನಿಯೇ ಅನ್ನಿಸಿತು ನನಗೆ. ಆದರೆ ಎರಡೂ ಒಂದೇ ಥರ ಇದ್ದವು, ಏರಿಲ್ಲ, ಇಳಿವಿಲ್ಲ. ಗುಡ್ಡದಿಂದ ತಿರುಗಿ ಬರುವ ಕೂಗು ಹಾಗಿರುತ್ತದೆ.

ಚಿಗವ್ವನಿಗೆ ಹಾಗನ್ನಿಸಲಿಲ್ಲ. ಅವಳು ಕಾಯುತ್ತಿದ್ದಳು. ತಡಮಾಡುವುದು ಅವರ ಆಟವಲ್ಲವೇ? ತುಟಿ ಕಚ್ಚಿ, ನಗು ತಡೆದುಕೊಂಡು, ಕಣ್ಣಿನಲ್ಲೇ ನನಗೆ "ನೋಡು ಹೆಂಗ ಕಾಡ್ತಾರ" ಎಂದು ಹೇಳುತ್ತ ಕಾಯುತ್ತಿದ್ದಳು. ಹೂಜಿ ತುಂಬುವ ಸದ್ದು ನಿಂತಿತು. ಖಾದರಸಾಬರು ಒಳಗೆ ಬಂದರು. ಅವಳು ಇನ್ನೂ ಕಾಯುತ್ತಲೇ ಇದ್ದಳು. ಮುಖದ ಮೇಲಿನ ನಗು ಹಾಗೇ ಇತ್ತು, ಆದರೆ ಅದರ ಕೆಳಗಿನ ಬಣ್ಣ ಮೆಲ್ಲಗೆ ಇಳಿಯುತ್ತಿತ್ತು. ಖಾದರಸಾಬರು ಅವಳ ಕೈಯಿಂದ ಹಿಡಿ ಬಿಡಿಸಿಕೊಂಡು ಕೇಳಿದರು. ಪೆಟ್ಟಿಗೆಯ ಹಿಡಿ ತಿರುವಿದರು, "ಹಲೋ ಲಿಂಗಸುಗೂರು, ಹಲೋ" ಎಂದು ಕೂಗಿದರು. ಆಮೇಲೆ ಕೇಳುವ ಹಿಡಿಯನ್ನು ಕೊಕ್ಕೆಗೆ ಹಾಕಿ, ನಮ್ಮ ಮುಖ ನೋಡದೆ, "ಹಲೋ ಸತ್ತೈತಿ ಬೇಟಿ. ತಂತಿ ಹರಿದಿರಬೇಕು. ಮನಿಗೆ ಹೋಗ್ರಿ" ಅಂದರು.

ಮರುದಿನ ಬಸ್ಸಿನಲ್ಲಿ ಲಿಂಗಸುಗೂರಿನಿಂದ ಕಾಕಾನ ದೊಡ್ಡಪ್ಪನ ಮಗ ಬಂದ. ಅಂಗಳದಲ್ಲಿ ನಿಂತೇ ಹೇಳಿದ. ಹಿಂದಿನ ದಿನ ನಸುಕಿನಲ್ಲಿ ವಾಂತಿ ಶುರುವಾಯಿತಂತೆ. "ಹೊತ್ತು ಏರೂದರಾಗ ಹೋದ್ರು. ಅಂಟುಬ್ಯಾನಿ ಅಂತ ಹೆಣಾ ಯಾರೂ ಇಟ್ಕೊಳ್ಳಲಿಲ್ಲ, ಮಧ್ಯಾಹ್ನ ಆಗೂದಕ್ಕ ಮಣ್ಣು ಮಾಡಿ ಬಂದೀವಿ." ಕಚೇರಿಗೆ ಮೊದಲೇ ಬೀಗ ಹಾಕಿದ್ದರಂತೆ. ಚಿಗವ್ವ ಅಳಲಿಲ್ಲ. "ಮಧ್ಯಾಹ್ನ ಹಲೋ ಬಂದಿತ್ತಲ್ಲ" ಅಂದಳು. ಅವನು ಅರ್ಥವಾಗದೆ ಆಯಿಯ ಮುಖ ನೋಡಿದ.

ಆಯಿ ಮಗಳನ್ನು ಎದೆಗೆ ಒತ್ತಿಕೊಂಡಳು. "ಮೂರನೇದು ಬರಲಿಲ್ಲ ನೋಡು. ನೀ ಓ ಅಂದಿದ್ರ ನಿನ್ನನ್ನೂ ಕರಕೊಂಡು ಹೋಗ್ತಿತ್ತು ಅದು. ಆಣಿ ನಿನ್ನ ಉಳಿಸ್ತು." ಊರೂ ಹಾಗೇ ಅಂದಿತು. ನೀಲಮ್ಮ ಹಲೋಕ್ಕೆ ಓ ಅನ್ನದೆ ಬದುಕಿಕೊಂಡಳು ಎಂದು ನೀರಿಗೆ ಬಂದ ಹೆಂಗಸರು ಹೇಳಿಕೊಂಡು ಹೋದರು. ಖಾದರಸಾಬರು ತಂತಿ ಕೂಡಿದ ಮೇಲೆ ಸಿಂಧನೂರಿನವರನ್ನು ಕೇಳಿದರು. ಆ ಮಧ್ಯಾಹ್ನ ಅಲ್ಲಿ ಗಂಟೆಯೇ ಬಡಿದಿರಲಿಲ್ಲವಂತೆ. ಅಲ್ಲಿಂದ ಮುಂದೆ ಅವರು ಆ ಹೊತ್ತಿನಲ್ಲಿ ಪೆಟ್ಟಿಗೆಯ ಹತ್ತಿರ ಕೂರುವುದನ್ನು ಬಿಟ್ಟರು.

ಕೆಲವು ತಿಂಗಳಾದ ಮೇಲೆ ಲಿಂಗಸುಗೂರಿನಿಂದ ಕಾಕಾನ ಪಕ್ಕದ ಮನೆಯ ಮುದುಕಿ ಮಾತಾಡಿಸಲು ಬಂದಳು. ಬಂದವಳು ಅಳುತ್ತ ಬೇರೆಯೇ ಹೇಳಿದಳು. "ಹೊತ್ತು ಏರೂದರಾಗ ಎಲ್ಲಿ ಸತ್ತಿದ್ದನವ್ವ. ಮಧ್ಯಾಹ್ನದ ತನಕಾ ಜೀವ ಇತ್ತು. ಕಚೇರಿಗೆ ಹೋಗಬೇಕು, ನನ್ನ ಹಲೋ ಕಾಯ್ತಾಳ ಅಂತ ಎದ್ದೆದ್ದು ಬೀಳ್ತಿದ್ದ. ಬೀಗದ ಕೈ ಅವನ ಹತ್ತಿರನ ಇತ್ತು. ಹೋಗಿದ್ದನೋ ಏನೋ, ಹೆದರಿ ಎಲ್ಲಾರೂ ಬಾಗಲಾ ಹಾಕ್ಕೊಂಡಿದ್ವಿ."

ಆಯಿ ಆ ಮುದುಕಿಯ ಮೇಲೆ ರೇಗಿಬಿಟ್ಟಳು. ವಯಸ್ಸಾಗಿ ಭ್ರಮೆ ಹಿಡಿದಿದೆ ಅಂದಳು. ಸತ್ತವನೇ ಕರೆದದ್ದು ಎಂದಾಗುವುದು ಆಯಿಗೆ ಬೇಕೇ ಬೇಕಿತ್ತು. ಇಲ್ಲದಿದ್ದರೆ, ಬದುಕಿದ್ದ ಗಂಡನಿಗೆ ಮಗಳು ಓ ಅನ್ನದ ಹಾಗೆ ಮಾಡಿದ ಆ ಆಣೆಯ ಗತಿ ಏನು? ಆದರೆ ಚಿಗವ್ವ ಮುದುಕಿಯ ಕೈ ಹಿಡಿದುಕೊಂಡು ಕೂತಳು. ಸಾಯುವವರೆಗೂ ಅವಳು ನಂಬಿದ್ದು ಮುದುಕಿಯ ಮಾತನ್ನೇ. ದೆವ್ವ ಎಂದು ನಂಬಿದ್ದರೆ ಪಾರಾದೆ ಎಂದು ನೆಮ್ಮದಿಯಿಂದ ಇರಬಹುದಿತ್ತು. ಅವಳಿಗೆ ಆ ನೆಮ್ಮದಿ ಬೇಕಾಗಿರಲಿಲ್ಲ, ಅದು ಅವರ ದನಿಯೇ ಆಗಿರಬೇಕಿತ್ತು. "ಅವ್ರು ಇದ್ದೀಯಾ ಅಂತ ಕೇಳಿದ್ರು. ನಾ ಇದ್ದೀನಿ ಅನ್ನಲಿಲ್ಲ" ಎಂದು ಒಮ್ಮೆ ರೊಟ್ಟಿ ಬಡಿಯುತ್ತ ನನಗೆ ಹೇಳಿದಳು. ಕೈ ನಿಲ್ಲಿಸಲಿಲ್ಲ. ಮೂರನೆಯದನ್ನು ಕೂಗುವಷ್ಟು ಉಸಿರು ಆ ಮನುಷ್ಯನಲ್ಲಿ ಉಳಿದಿರಲಿಲ್ಲವೋ ಏನೋ ಎಂದು ನಾನು ಈಗಲೂ ನೆನೆಸಿಕೊಳ್ಳುತ್ತೇನೆ.

ಆಮೇಲೆ ಚಿಗವ್ವ ಯಾರು ಕರೆದರೂ ಮೊದಲನೆಯದಕ್ಕೇ ಓ ಅನ್ನತೊಡಗಿದಳು. ಬೇರೆಯವರ ಮನೆಯ ಕೂಗಿಗೂ ಓ, ಕಾಗೆಗೂ ಓ. ಜನ ಅವಳಿಗೆ ತಲೆ ಕೆಟ್ಟಿತೆಂದರು. ಒಂದು ಮಧ್ಯಾಹ್ನ ಅವಳು ಒಬ್ಬಳೇ ಗುಡ್ಡದ ಕಡೆ ಹೋಗುವುದನ್ನು ಕಂಡು ಆಯಿ ನನ್ನನ್ನು ಹಿಂದೆ ಅಟ್ಟಿದಳು. ನಾವು ಮಕ್ಕಳು ಕೂಗುತ್ತಿದ್ದ ಮೂಲೆಯಲ್ಲಿ ಅವಳು ನಿಂತಿದ್ದಳು, ಬಿಸಿಲಿಗೆ ಸೆರಗು ಮುಂದಕ್ಕೆಳೆದುಕೊಂಡು. ಗಾಳಿ ಇರಲಿಲ್ಲ. ಯಾರೂ ಕೂಗಿರಲಿಲ್ಲ, ನಾನಂತೂ ಏನೂ ಕೇಳಲಿಲ್ಲ. ಚಿಗವ್ವ ಮಾತ್ರ ಏನೋ ಕೇಳಿಸಿಕೊಂಡವಳಂತೆ ತಲೆ ಎತ್ತಿ, ಜೋರಾಗಿ, "ಓ, ಇದ್ದೀನಿ" ಅಂದಳು.

ಗುಡ್ಡದಿಂದ ತಿರುಗಿ ಬಂತು. ಇದ್ದೀನಿ.

ಕೂಗಿದ್ದು ಅವಳು, ತಿರುಗಿ ಬರಬೇಕಾದದ್ದು ಅವಳ ದನಿ. ಬಂದದ್ದು ಯಾರ ದನಿ ಎಂದು ನಾನು ಯಾರಿಗೂ ಹೇಳಿಲ್ಲ, ನಿಮಗೂ ಹೇಳುವ ಧೈರ್ಯವಿಲ್ಲ. ಬಂಡೆಗಳ ನಡುವೆ ದನಿ ದಪ್ಪವಾಗುತ್ತದೆ ಎಂದು ಓದಿದವರು ಹೇಳುತ್ತಾರೆ, ಆಗಿರಬಹುದು. ನಾನು ತಿರುಗಿ ನೋಡದೆ ಮನೆಯವರೆಗೆ ಓಡಿದೆ. ಚಿಗವ್ವ ನಿಧಾನವಾಗಿ ಬಂದಳು, ಕೈಕಾಲು ತೊಳೆದುಕೊಂಡು, ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡಳು. ಮತ್ತೆ ಗುಡ್ಡಕ್ಕೆ ಹೋಗಲಿಲ್ಲ.

ನಾನು ಮಾತ್ರ ಆಯಿಯ ಕಡೆಯವಳಾಗಿಯೇ ಉಳಿದೆ. ಇಷ್ಟು ವಯಸ್ಸಾದರೂ ಮೂರನೆಯ ಹಲೋಕ್ಕೆ ಕಾಯುತ್ತೇನೆ. ಹೆದರಿಕೆ, ಮತ್ತೇನು? ಗ್ಯಾಸಿನವನು ಹೋಗಲಿ, ಬೀಗಿತ್ತಿ ಮುನಿಸಿಕೊಳ್ಳಲಿ, ಜೀವ ಒಂದು ಉಳಿದರೆ ಸಾಕು ಎಂದುಕೊಂಡು ಬಂದವಳು.

ಇದನ್ನೆಲ್ಲ ನೆನೆಸುತ್ತ ಮಲಗಿದ್ದಾಗ ಫೋನು ಮತ್ತೆ ಗುಂಯ್ ಅಂದಿತು. ಮೊಮ್ಮಗಳು ಪುಸ್ತಕದ ಮೇಲೇ ತಲೆಯಿಟ್ಟು ನಿದ್ದೆ ಹೋಗಿದ್ದಳು. ಹೊರಗೆ ಓಣಿ ಬೆಳ್ಳಗೆ, ಸದ್ದಿಲ್ಲದೆ ಬಿದ್ದಿತ್ತು. ಎತ್ತಿದೆ. ಹಲೋ, ಎಂದು ಕೇಳಿತು. ದೂರದಿಂದ, ದಣಿದ ದನಿ. ಎರಡನೆಯದಕ್ಕೆ ಈ ಮನುಷ್ಯನಿಗೆ ಉಸಿರು ಇದೆಯೋ ಇಲ್ಲವೋ ಎಂದು ಒಮ್ಮೆಲೇ ಅನ್ನಿಸಿತು. ಮೂರನೆಯದು ದೂರದ ಮಾತು.

"ಓ" ಅಂದೆ. "ಇದ್ದೀನಿ."

ಆ ಕಡೆಯಿಂದ, ಇದ್ದೀನಿ, ಎಂದು ಬಂತು.

ನನ್ನ ದನಿಗೆ ಮೊಮ್ಮಗಳು ಎಚ್ಚರಗೊಂಡಿದ್ದಳು. ವಿಷಯ ಹೇಳಿದೆ. "ನೆಟ್‌ವರ್ಕ್ ಸರಿ ಇಲ್ಲಜ್ಜಿ. ನಿನ್ನ ಧ್ವನೀನ ತಿರುಗಿ ಬಂದಿರ್ತೈತಿ. ಇಟ್ಟುಬಿಡು" ಅಂದಳು. ಇರಬಹುದು. ನಾನು ಇಡಲಿಲ್ಲ. ಕಿವಿಗೆ ಹಿಡಿದುಕೊಂಡೇ ಕೂತೆ. ಆ ಕಡೆಯವರು ಇಡುವವರೆಗೆ ನಾನು ಇದ್ದೆ.